ಶೇವಿಂಗ್ ಮಾಡಿದರೆ ಗುಳ್ಳೆ ಏಳುತ್ತೆ, ಸೇನೆಯಲ್ಲಿ ಗಡ್ಡಕ್ಕೆ ವಿನಾಯಿತಿ ಇದೆಯಾ?

ಇದೆ, ಆದರೆ ನೀವು ಅಂದುಕೊಂಡ ಹಾಗಲ್ಲ. ನಿಮ್ಮ ತಮ್ಮ ಸೇನೆಗೆ ಭರ್ತಿಯಾಗಿದ್ದಾನೆ, ಶೇವಿಂಗ್ ಮಾಡಿದ ಮರುದಿನವೇ ಕುತ್ತಿಗೆ ತುಂಬಾ ಗುಳ್ಳೆ, ಅಮೆರಿಕದಲ್ಲಾದರೆ ಡಾಕ್ಟರ್ ಚೀಟಿ ಮೇಲೆ ಗಡ್ಡ ಬಿಡಬಹುದಂತೆ ಎಂದು ಬರೆದಿದ್ದೀರಿ. ಟ್ರೈನಿಂಗ್‌ನಲ್ಲಿ ನನ್ನದೂ ಇದೇ ಕಥೆ.

ನನ್ನದು ಗುಂಗುರು ಕೂದಲು. ಬುಡದವರೆಗೂ ಕೆರೆದರೆ ತುದಿ ಚೂಪಾಗುತ್ತದೆ. ಬೆಳೆಯುವಾಗ ಬಾಗಿ ಮತ್ತೆ ಚರ್ಮಕ್ಕೇ ಚುಚ್ಚಿಕೊಳ್ಳುತ್ತದೆ. ಮೊದಲು ಗುಳ್ಳೆ, ಆಮೇಲೆ ಕೀವು, ಕೊನೆಗೆ ಕಪ್ಪು ಕಲೆ. ಬ್ಲೇಡ್ ಮುಟ್ಟಿಸದಿದ್ದರೆ ನಿಧಾನಕ್ಕೆ ಇಳಿಯುತ್ತದೆ. ಆದರೆ ಬೆಳಗ್ಗೆ ಸಾಲಾಗಿ ನಿಲ್ಲಿಸುವ ಫಾಲಿನ್‌ನಲ್ಲಿ ಟ್ರೈನಿಂಗ್ ಕೊಡುವ ಉಸ್ತಾದ್ ಕೆನ್ನೆ ನೋಡುತ್ತಾರಲ್ಲ! ಹೆದರಿ ಮೂರು ವಾರ ಗುಳ್ಳೆ ಮೇಲೇ ಬ್ಲೇಡ್ ಎಳೆದೆ. ಕಾಲರ್‌ಗೆ ರಕ್ತ ಅಂಟಿದ್ದು ಕಂಡು ಉಸ್ತಾದರೇ ಬೈದು ಸಿಕ್ ರಿಪೋರ್ಟ್‌ಗೆ ಕಳಿಸಿದರು. ಎಂಐ ರೂಮ್, ಅಂದರೆ ಸೇನೆಯ ದವಾಖಾನೆಯ ಡಾಕ್ಟರ್ ಹತ್ತು ದಿನದ ‘ಎಕ್ಸ್‌ಕ್ಯೂಸ್ ಶೇವಿಂಗ್’ ಚೀಟಿ ಕೊಟ್ಟರು. ಅದು ಸದಾ ಜೇಬಿನಲ್ಲೇ ಇರಬೇಕು, ದಾರಿಯಲ್ಲಿ ತಡೆದವರಿಗೆಲ್ಲ ತೋರಿಸಬೇಕು. ಅದು ಚರ್ಮಕ್ಕೆ ಕೊಟ್ಟ ರಜೆ ಅಷ್ಟೇ. ಮುಗಿದರೆ ಮತ್ತೆ ಡಾಕ್ಟರ್ ಹತ್ತಿರ ಹೋಗಬೇಕು.

ಖಾಯಂ ಗಡ್ಡದ ಮಾತೇ ಬೇರೆ. ಭೂಸೇನೆಯಲ್ಲಿ ಅದು ಸಿಖ್ಖರಿಗೆ. ವಾಯುಸೇನೆಯ ನಿಯಮವೂ ಕೂದಲು ತೆಗೆಯಬಾರದೆಂದು ಧರ್ಮವೇ ಹೇಳುವವರಿಗೆ ಮಾತ್ರ ಬಿಡುತ್ತದೆ. ಗಡ್ಡ ಬಿಟ್ಟು ಕೆಲಸ ಕಳೆದುಕೊಂಡ ಒಬ್ಬ ಮುಸ್ಲಿಂ ವಾಯುಸೈನಿಕರ ಮೊಕದ್ದಮೆಯಲ್ಲಿ 2016ರ ಡಿಸೆಂಬರ್‌ನಲ್ಲಿ ಸುಪ್ರೀಂ ಕೋರ್ಟ್ ಆ ನಿಯಮವನ್ನೇ ಎತ್ತಿಹಿಡಿಯಿತು. ನೌಕಾಪಡೆಯಲ್ಲಿ ಮಾತ್ರ ಕಮಾಂಡಿಂಗ್ ಆಫೀಸರ್ ಒಪ್ಪಿದರೆ ಯಾರು ಬೇಕಾದರೂ ಬಿಡಬಹುದು. ಗಡ್ಡದ ಆಸೆಯೇ ಜಾಸ್ತಿ ಇದ್ದಿದ್ದರೆ ನಿಮ್ಮ ತಮ್ಮ ಹಡಗು ಹತ್ತಬೇಕಿತ್ತು!

ಅಮೆರಿಕದ ಸುದ್ದಿಯೂ ಹಳೆಯದಾಯಿತು. 2025ರ ಜುಲೈಯಲ್ಲಿ ಅಲ್ಲಿನ ಭೂಸೇನೆ ಖಾಯಂ ಚೀಟಿ ನಿಲ್ಲಿಸಿತು. 24 ತಿಂಗಳಲ್ಲಿ ಒಟ್ಟು 12 ತಿಂಗಳಿಗಿಂತ ಹೆಚ್ಚು ವಿನಾಯಿತಿ ಬೇಕಾದರೆ ಕೆಲಸಕ್ಕೇ ಕುತ್ತು. ಈ ತೊಂದರೆ ಜಾಸ್ತಿ ಇರುವುದು ಕಪ್ಪು ಸೈನಿಕರಿಗೆ, ಹಾಗಾಗಿ ಪೆಟ್ಟು ಬೀಳುವುದೂ ಅವರಿಗೇ. ಗಡ್ಡ ಬೇಡ ಅನ್ನುವುದಕ್ಕೆ, ಗ್ಯಾಸ್ ಮಾಸ್ಕ್ ಮುಖಕ್ಕೆ ಬಿಗಿಯಾಗಿ ಕೂರಬೇಕು ಅನ್ನುವುದು ಹಳೆಯ ಕಾರಣ. ನಮ್ಮ ಸಿಖ್ ಪಲ್ಟನ್‌ಗಳನ್ನು ನೋಡಿದವನಿಗೆ ಅದು ಪೂರ್ತಿ ಒಪ್ಪಿಗೆಯಾಗುವುದಿಲ್ಲ, ಅಲ್ವಾ?

ತಮ್ಮನಿಗೆ ಹೇಳಿ: ಮೊದಲ ವಾರವೇ ಡಾಕ್ಟರಿಗೆ ತೋರಿಸಲಿ. ಒಂದೇ ಬ್ಲೇಡಿನ ರೇಜರ್ ಇಟ್ಟುಕೊಳ್ಳಲಿ, ಕೂದಲು ಬೆಳೆದ ದಿಕ್ಕಿಗೇ ಎಳೆಯಲಿ, ಚರ್ಮ ಜಗ್ಗಿ ಹಿಡಿಯದಿರಲಿ. ಮೊದಲು ಬಿಸಿನೀರಿನಲ್ಲಿ ಮುಖ ನೆನೆಸಬೇಕು. ಟ್ರೈನಿಂಗ್‌ನಲ್ಲಿ ಬಿಸಿನೀರು ಎಲ್ಲಿಂದ ಅಂತೀರಾ? ಲಂಗರ್‌ನಲ್ಲಿ, ಅಂದರೆ ಅಡುಗೆಮನೆಯಲ್ಲಿ, ಒಬ್ಬ ಗೆಳೆಯನನ್ನು ಮಾಡಿಕೊಳ್ಳಲಿ.