ವೈಫೈಗೆ ಕನೆಕ್ಟ್ ಆಗದಿದ್ದರೂ ಅಪಾಯವೇ?

ಪ್ರಶ್ನೆ: ಪಿ.ಜೆ. ಬಡಾವಣೆಯಲ್ಲಿ ನಮ್ಮದೊಂದು ಡಿಟಿಪಿ ಸೆಂಟರ್ ಇದೆ. ಒಂದು ಲ್ಯಾಪ್‌ಟಾಪ್‌ನಲ್ಲಿ ವಿಂಡೋಸ್ 10, ಇನ್ನೊಂದರಲ್ಲಿ ಲಿನಕ್ಸ್. ಇಂಟರ್‌ನೆಟ್‌ಗೆ ಕೇಬಲ್ ಬಳಸುತ್ತೇವೆ, ವೈಫೈ ಸುಮ್ಮನೆ ಆನ್ ಇರುತ್ತದೆ. ಕೆಲಸದ ನಡುವೆ ರೀಸ್ಟಾರ್ಟ್ ಕೇಳುತ್ತದೆಂದು ಅಪ್‌ಡೇಟ್ ನಿಲ್ಲಿಸಿದ್ದೇವೆ. ಕನೆಕ್ಟ್ ಆಗದಿದ್ದರೂ ವೈಫೈ ಮೂಲಕ ದಾಳಿ ನಡೆಯಬಹುದಂತೆ, ನಿಜವೇ? ಆಂಟಿವೈರಸ್ ಸಾಲದೇ?
– ಓದುಗರು, ದಾವಣಗೆರೆ

ಉತ್ತರ: ನಿಜ. ಪಕ್ಕದಂಗಡಿಯ ವೈಫೈ ಹೆಸರು ನಿಮ್ಮ ಪಟ್ಟಿಯಲ್ಲಿ ಕಾಣುತ್ತದಲ್ಲ? ಅದರ ರೂಟರ್ ಕಳಿಸುವ ಬೀಕನ್ ಪ್ಯಾಕೆಟ್ಟನ್ನು (‘ನಾನಿಲ್ಲಿದ್ದೇನೆ’ ಎಂದು ಸಾರುವ ಪುಟ್ಟ ಸಂದೇಶ) ನಿಮ್ಮ ಲ್ಯಾಪ್‌ಟಾಪ್ ಆಗಲೇ ಬಿಡಿಸಿ ಓದಿದೆ ಎಂದರ್ಥ. ಓದುವುದು ಡ್ರೈವರ್ (ವೈಫೈ ಚಿಪ್ಪನ್ನು ನಡೆಸುವ ತಂತ್ರಾಂಶ) ಮತ್ತು ಕರ್ನಲ್ (ಆಪರೇಟಿಂಗ್ ಸಿಸ್ಟಂನ ತಿರುಳು). ಪಾಸ್‌ವರ್ಡ್ ಕೇಳುವ ಹಂತ ಬರುವುದು ಆಮೇಲೆ.

ತಪ್ಪು ಹೇಗಾಗುತ್ತದೆ ಎಂಬುದಕ್ಕೆ ಲಿನಕ್ಸ್‌ನ ರಿಯಲ್‌ಟೆಕ್ ಡ್ರೈವರ್‌ನಲ್ಲಿ 2019ರಲ್ಲಿ ಸಿಕ್ಕ ದೋಷ ನೋಡಿ. ವೈಫೈ ಡೈರೆಕ್ಟ್‌ನ (ರೂಟರ್ ಇಲ್ಲದೆ ಸಾಧನಗಳು ನೇರವಾಗಿ ಮಾತಾಡುವ ವ್ಯವಸ್ಥೆ) ಒಂದು ಮಾಹಿತಿ 13 ಬೈಟ್‌ಗಳ ತುಂಡುಗಳಾಗಿ ಬರುತ್ತದೆ. ಡ್ರೈವರ್ ಎರಡೇ ತುಂಡಿಗೆ ಜಾಗ ಇಟ್ಟಿತ್ತು, ಆದರೆ ಎಷ್ಟು ತುಂಡಿದೆ ಎಂಬ ಲೆಕ್ಕವನ್ನು ಪ್ಯಾಕೆಟ್ ಹೇಳಿದಂತೆಯೇ ನಂಬುತ್ತಿತ್ತು. ಹೆಚ್ಚು ಬಂದರೆ ಪಕ್ಕದ ಮೆಮೊರಿಯ ಮೇಲೆ ಬರೆದುಬಿಡುತ್ತಿತ್ತು. ‘ಎರಡಕ್ಕಿಂತ ಹೆಚ್ಚಿದ್ದರೆ ಎರಡೇ ಎಂದುಕೋ’ ಎಂಬ ಪರೀಕ್ಷೆ ಸೇರಿಸಿ ಅದನ್ನು ಸರಿಪಡಿಸಿದರು. ಹಾಗೆ ಮೇಲೆ ಬರೆಯುತ್ತಿದ್ದ ಜಾಗ ಕರ್ನಲ್‌ನ ಮೆಮೊರಿಯಾದ್ದರಿಂದ ಸಿಸ್ಟಂ ಹ್ಯಾಂಗ್ ಆಗಬಹುದು. ಕೈಚಳಕ ಇರುವವರಿಗೆ ಇಡೀ ಕಂಪ್ಯೂಟರೇ ಸಿಗಬಹುದು. ಇಂಥ ದಾಳಿಯಲ್ಲಿ ಫೈಲೇ ಇರುವುದಿಲ್ಲ, ಆಂಟಿವೈರಸ್ ಏನನ್ನು ಹಿಡಿದೀತು?

ಸುತ್ತಲಿನ ವೈಫೈಗಳಿಗಾಗಿ ಬರೀ ಸ್ಕ್ಯಾನ್ ಮಾಡುವಾಗಲೇ ಕೈಕೊಡುವ ದೋಷ ಲಿನಕ್ಸ್ ಕರ್ನಲ್‌ನ ಆವೃತ್ತಿ 5.1ರಿಂದಲೂ ಇತ್ತು, 2022ರ ಅಕ್ಟೋಬರ್‌ನಲ್ಲಿ 5.19.16ರಲ್ಲಿ ಸರಿಯಾಯಿತು. ವಿಂಡೋಸ್‌ನ ವೈಫೈ ಡ್ರೈವರ್ ದೋಷಕ್ಕೆ (ದೋಷಗಳ ಸಾರ್ವಜನಿಕ ಪಟ್ಟಿಯಲ್ಲಿ ಅದರ ಸಂಖ್ಯೆ ಸಿವಿಇ-2024-30078) ಪ್ಯಾಚ್, ಅಂದರೆ ಸರಿಪಡಿಸುವ ತೇಪೆ, ಬಂದದ್ದು 2024ರ ಜೂನ್ 11ರಂದು. ಅದರಲ್ಲಿ ನೀವು ಏನನ್ನೂ ಕ್ಲಿಕ್ ಮಾಡಬೇಕಿರಲಿಲ್ಲ, ದಾಳಿಕೋರ ವೈಫೈ ವ್ಯಾಪ್ತಿಯಲ್ಲಿದ್ದರೆ ಸಾಕಿತ್ತು.

ಕೇಬಲ್ ಇರುವುದರಿಂದ ವೈಫೈಯನ್ನು ಇವತ್ತೇ ಆಫ್ ಮಾಡಿ. ವಿಂಡೋಸ್‌ನಲ್ಲಿ ಸೆಟ್ಟಿಂಗ್ಸ್, ಅಪ್‌ಡೇಟ್ ಹಿಸ್ಟರಿ ತೆರೆದು, 2024ರ ಜೂನ್ ಅಥವಾ ನಂತರದ ಕ್ಯುಮುಲೇಟಿವ್ (ಹಿಂದಿನವೆಲ್ಲ ಸೇರಿರುವ) ಅಪ್‌ಡೇಟ್ ಇದೆಯೇ ನೋಡಿ. ಒಂದಿದ್ದರೂ ಈ ಪ್ಯಾಚ್ ಅದರಲ್ಲಿ ಸೇರಿರುತ್ತದೆ. ಆದರೆ ವಿಂಡೋಸ್ 10ರ ಸಾಮಾನ್ಯ ಬೆಂಬಲ 2025ರ ಅಕ್ಟೋಬರ್ 14ಕ್ಕೇ ಮುಗಿದಿದೆ. ವಿಸ್ತರಿತ ಭದ್ರತಾ ಯೋಜನೆಗೆ ಸೇರಿ, ಇಲ್ಲವೇ 11ಕ್ಕೆ ಹೋಗಿ. ಲಿನಕ್ಸ್‌ನಲ್ಲಿ ಬರೀ ಆವೃತ್ತಿಯ ಸಂಖ್ಯೆ ನೋಡಿ ತೀರ್ಮಾನಿಸಬೇಡಿ, ಹಳೆಯ ಸಂಖ್ಯೆಯ ಕರ್ನಲ್‌ಗೂ ಉಬುಂಟುವಿನಂಥ ಲಿನಕ್ಸ್ ವಿತರಕರು ಪ್ಯಾಚ್ ಹಾಕಿಕೊಡುತ್ತಾರೆ. ಅಪ್‌ಡೇಟ್ ಆದ ಮೇಲೆ ಬರೀ ಲ್ಯಾಪ್‌ಟಾಪ್‌ನ ಮುಚ್ಚಳ ಮುಚ್ಚಿ ತೆರೆದರೆ ಹಳೆಯ ಕರ್ನಲ್ಲೇ ಓಡುತ್ತಿರುತ್ತದೆ. ರಾತ್ರಿ ಅಂಗಡಿ ಮುಚ್ಚುವ ಮೊದಲು ರೀಸ್ಟಾರ್ಟ್ ಕೊಟ್ಟರೆ ಕೆಲಸಕ್ಕೂ ಅಡ್ಡಿಯಿಲ್ಲ.

ಪ್ರಶ್ನೆ: ಯುಎಸ್‌ಬಿ ವೈಫೈ ಡಾಂಗಲ್ ಜೊತೆ ಬಂದ ಸಿಡಿಯ ಡ್ರೈವರ್ ಹಾಕಬಹುದೇ?
– ಓದುಗರು, ಚಳ್ಳಕೆರೆ

ಉತ್ತರ: ಬೇಡ. ಸಿಡಿ ಅಚ್ಚಾದ ದಿನವೇ ಆ ಡ್ರೈವರ್ ನಿಂತುಹೋಗಿರುತ್ತದೆ. ವಿಂಡೋಸ್ ಅಪ್‌ಡೇಟ್‌ನ ಐಚ್ಛಿಕ ಅಪ್‌ಡೇಟ್‌ಗಳಲ್ಲಿ ಹುಡುಕಿ. ಸಿಗದಿದ್ದರೆ ತಯಾರಕರ ತಾಣದಿಂದಲೇ ಇಳಿಸಿಕೊಳ್ಳಿ.