ಅಮ್ಮ ದಿನಾ ಅಮೃತಬಳ್ಳಿ ಜ್ಯೂಸ್, ಅಶ್ವಗಂಧ ಕ್ಯಾಪ್ಸೂಲ್ ತಗೋತಾರೆ. ಸೈಡ್ ಎಫೆಕ್ಟ್ ಇರುತ್ತಾ?

ನೀವು ಬರೆದದ್ದು ಇಷ್ಟು: ಅಮ್ಮನಿಗೆ 58 ವರ್ಷ, ಥೈರಾಯ್ಡ್ ಮಾತ್ರೆ ಮತ್ತು ಬಿಪಿ ಮಾತ್ರೆ ನಡೀತಿದೆ. ಎರಡು ತಿಂಗಳಿಂದ ಬೆಳಿಗ್ಗೆ ಅಮೃತಬಳ್ಳಿ ಜ್ಯೂಸ್, ರಾತ್ರಿ ಅಶ್ವಗಂಧ ಕ್ಯಾಪ್ಸೂಲ್ ಶುರು ಮಾಡಿದ್ದಾರೆ. ಬೇಡ ಅಂದರೆ "ಗಿಡಮೂಲಿಕೆ ತಾನೇ, ಏನಾಗುತ್ತೆ?" ಅಂತಾರೆ.

ನಾನು ಡಾಕ್ಟರ್ ಅಲ್ಲ. ಬಿ.ಫಾರ್ಮ್ ಮುಗಿಸಿ 11 ವರ್ಷದಿಂದ ಮೆಡಿಕಲ್ ಶಾಪಿನಲ್ಲಿದ್ದೇನೆ, ಇವೆರಡನ್ನೂ ನಾನೇ ದಿನಾ ಮಾರುತ್ತೇನೆ. ಆಯುರ್ವೇದವನ್ನು ಬೈಯೋಕೆ ಬಂದವನಲ್ಲ ಅಂತ ಹೇಳೋಕೆ ಇದನ್ನು ಹೇಳಿದೆ. ಆದರೆ ನಮ್ಮ ಮನೆಯಲ್ಲೇ ಒಂದು ಸಲ ಪೆಟ್ಟು ಬಿದ್ದಿದೆ.

2020ರಲ್ಲಿ ಕೊರೋನಾ ಬಂತಲ್ವಾ, ಆಗ ತೀರ್ಥಹಳ್ಳಿ ಕಡೆ ಇರುವ ನಮ್ಮ ದೊಡ್ಡಮ್ಮ ಬೇಲಿ ಮೇಲಿನ ಅಮೃತಬಳ್ಳಿ ಕಿತ್ತು, ತುಂಡು ಮಾಡಿ ಜಜ್ಜಿ, ಮೂರು ತಿಂಗಳು ಒಂದು ದಿನವೂ ಬಿಡದೆ ಕಷಾಯ ಕುಡಿದರು. ಮೊದಲು ಸುಸ್ತು. ಆಮೇಲೆ ಊಟ ಸೇರಲಿಲ್ಲ, ಮೈ ತುರಿಕೆ, ಕೊನೆಗೆ ಕಣ್ಣು ಹಳದಿ. ಕಾಮಾಲೆ ಅಂತ ಮನೆಯವರು ನೆಲನೆಲ್ಲಿ ಅರೆದು ಕೊಟ್ಟರು, ಅಂದರೆ ಒಂದರ ಮೇಲೆ ಇನ್ನೊಂದು. ಶಿವಮೊಗ್ಗಕ್ಕೆ ಕರೆದುಕೊಂಡು ಹೋದಾಗ ಡಾಕ್ಟರ್ "ಬೇರೆ ಔಷಧಿ ಏನಾದ್ರೂ ತಗೋತೀರಾ?" ಅಂತ ಮೂರು ಸಲ ಕೇಳಿದರು. ಮೂರು ಸಲವೂ ದೊಡ್ಡಮ್ಮ "ಇಲ್ಲ, ಥೈರಾಯ್ಡ್ ಮಾತ್ರೆ ಒಂದೇ" ಅಂದರು. ಸುಳ್ಳು ಹೇಳಲಿಲ್ಲ ಅವರು. ಅವರ ಲೆಕ್ಕದಲ್ಲಿ ಕಷಾಯ ಔಷಧಿಯೇ ಅಲ್ಲ, ಕಾಫಿ ಇದ್ದ ಹಾಗೆ! ಪಕ್ಕದಲ್ಲಿದ್ದ ನನಗೂ ತಟ್ಟಂತ ಹೊಳೆಯಲಿಲ್ಲ, ನಾಚಿಕೆಯ ವಿಷಯ. ಹೆಪಟೈಟಿಸ್ ಟೆಸ್ಟ್ ಎಲ್ಲ ನೆಗೆಟಿವ್ ಬಂದ ಮೇಲೆ ಕಷಾಯದ ಮಾತು ಹೊರಬಂತು. ನಿಲ್ಲಿಸಿ ಎರಡು ತಿಂಗಳ ಹೊತ್ತಿಗೆ ಲಿವರ್ ಸರಿಹೋಯಿತು.

ಅದು ನಮ್ಮ ಮನೆಗೆ ಮಾತ್ರ ಆದದ್ದಲ್ಲ. 2020ರ ಸೆಪ್ಟೆಂಬರ್‌ನಿಂದ ಡಿಸೆಂಬರ್ ಒಳಗೆ ಮುಂಬೈನಲ್ಲಿ ಅಮೃತಬಳ್ಳಿ ತಗೊಂಡು ಲಿವರ್ ಕೆಟ್ಟ 6 ಜನರ ಬಗ್ಗೆ ಅಲ್ಲಿನ ಡಾಕ್ಟರ್‌ಗಳು 2021ರಲ್ಲಿ ಬರೆದರು. ಆಯುಷ್ ಸಚಿವಾಲಯ ಒಪ್ಪಲಿಲ್ಲ. ಅಮೃತಬಳ್ಳಿ ಥರವೇ ಕಾಣುವ ಇನ್ನೊಂದು ಬಳ್ಳಿ ಇದೆ, ಟಿನೋಸ್ಪೋರಾ ಕ್ರಿಸ್ಪಾ ಅಂತ, ಅದನ್ನು ಕುಡಿದಿರಬಹುದು ಎಂಬ ವಾದ. ಈ ಗೊಂದಲ ಆಗುವುದು ನಿಜ. ಆದರೆ ಆಮೇಲೆ ದೇಶದ 13 ಆಸ್ಪತ್ರೆಗಳ 43 ಜನರ ವಿವರ ಸೇರಿಸಿ ಇನ್ನೊಂದು ವರದಿ ಬಂತು. ಅದರಲ್ಲಿ ಸುಮಾರು ಒಂದೂವರೆ ತಿಂಗಳು ತಗೊಂಡ ಮೇಲೆ ತೊಂದರೆ ಕಾಣಿಸಿಕೊಂಡವರು ಜಾಸ್ತಿ, ಮತ್ತು ದೇಹದ ರೋಗನಿರೋಧಕ ಶಕ್ತಿ ತನ್ನದೇ ಲಿವರ್ ಮೇಲೆ ತಿರುಗಿಬಿದ್ದ ಲಕ್ಷಣ ಕಂಡಿತ್ತು. ಇಮ್ಯೂನಿಟಿ ಜಾಸ್ತಿ ಮಾಡುತ್ತೆ ಅಂತ ತಾನೇ ಕುಡಿಯೋದು? ನಮ್ಮಲ್ಲಿ ತುಂಬಾ ಜನರ ಥೈರಾಯ್ಡ್ ತೊಂದರೆ ಶುರುವಾಗೋದೇ ಇಮ್ಯೂನಿಟಿ ಸ್ವಂತ ಗ್ರಂಥಿಯನ್ನು ಹೊಡೆಯುವುದರಿಂದ. ಅಂಥವರು ಅದನ್ನು ಇನ್ನೂ ಕೆಣಕೋದು ಬೇಡ ಅನ್ನೋದು ನನ್ನ ಅಭಿಪ್ರಾಯ. ಲಕ್ಷಾಂತರ ಜನ ಕುಡಿದು ಏನೂ ಆಗದೆ ಇದ್ದಾರೆ, ಅದೂ ನಿಜ. ನಿಮ್ಮ ಅಮ್ಮ ಯಾವ ಗುಂಪಿನವರು ಅಂತ ಮೊದಲೇ ಹೇಳೋಕೆ ಆಗಲ್ಲ.

ಅಶ್ವಗಂಧ ನನಗೆ ಇನ್ನೂ ಚಿಂತೆ. ಅದು ಥೈರಾಯ್ಡ್ ಹಾರ್ಮೋನ್ ಏರಿಸಬಲ್ಲದು. ಥೈರಾಯ್ಡ್ ಕಮ್ಮಿ ಇರುವವರಿಗೆ ಕೊಡುವ ಮಾತ್ರೆಯೂ ಅದೇ ಕೆಲಸ ಮಾಡುತ್ತಿರುವಾಗ ಎದೆ ಡವಡವ, ಕೈ ನಡುಕ, ನಿದ್ದೆ ಬರದಿರುವುದು ಆಗಬಹುದು. ಬಿಪಿ ಮಾತ್ರೆ ಜೊತೆ ಸೇರಿ ರಕ್ತದೊತ್ತಡ ತೀರಾ ಇಳಿಯಲೂಬಹುದು. ಇದರಿಂದಲೂ ಕಾಮಾಲೆ ಬಂದ ಕೇಸ್‌ಗಳು ಐಸ್‌ಲ್ಯಾಂಡ್, ಅಮೆರಿಕದಿಂದ 2020ರಲ್ಲೇ ವರದಿಯಾಗಿವೆ, ಡೆನ್ಮಾರ್ಕ್ 2023ರಲ್ಲಿ ಅಶ್ವಗಂಧವನ್ನೇ ನಿಷೇಧಿಸಿತು. ಅಷ್ಟು ಬೇಕಿತ್ತಾ ಅಂತ ನನಗೂ ಅನುಮಾನ ಇದೆ ಬಿಡಿ.

"ನಮ್ಮಜ್ಜಿ ಕಾಲದಿಂದ ಇದೆ" ಅನ್ನುವವರಿಗೆ ಕೌಂಟರ್‌ನಲ್ಲಿ ನಾನು ಹೇಳೋದು ಒಂದೇ. ಅಜ್ಜಿ ಜ್ವರ ಬಂದಾಗ ಮೂರು ದಿನ ಕುಡಿಯುತ್ತಿದ್ದರು, ವರ್ಷಪೂರ್ತಿ ಅಲ್ಲ. ಕ್ಯಾಪ್ಸೂಲ್‌ನಲ್ಲಿ ಇರೋದು ಬೇರಿನ ಪುಡಿಯಲ್ಲ, ಹೆಚ್ಚಿನ ಸಲ ಸಾರ ತೆಗೆದು ಗಟ್ಟಿ ಮಾಡಿದ್ದು. ಅರಿಶಿನವನ್ನೇ ನೋಡಿ: ಹುಳಿಗೆ ಚಿಟಿಕೆ ಹಾಕಿದರೆ ಅದರಲ್ಲಿರುವ ಕರ್ಕ್ಯುಮಿನ್ ಅನ್ನುವ ಅಂಶ ಮೈಗೆ ಹತ್ತೋದು ಕಮ್ಮಿ, ಅದಕ್ಕೇ ಮಾತ್ರೆ ಮಾಡುವವರು ಕಾಳುಮೆಣಸಿನ ಸಾರ ಬೆರೆಸಿ ಹತ್ತುವ ಹಾಗೆ ಮಾಡುತ್ತಾರೆ. ಅಂಥ ಮಾತ್ರೆ ತಿಂದು ಲಿವರ್‌ಗೆ ಪೆಟ್ಟಾದವರೂ ಇದ್ದಾರೆ. ಹಾಗೇ ಕೆಮ್ಮಿಗೆ ಜೇಷ್ಠಮಧು ಜಾಸ್ತಿ ದಿನ ಅಗಿದರೆ ಬಿಪಿ ಏರುತ್ತೆ, ಪೊಟ್ಯಾಸಿಯಂ ಇಳಿಯುತ್ತೆ. ನಿಮ್ಮ ಅಮ್ಮನಿಗೆ ಇದನ್ನು ಮರೆಯದೆ ಹೇಳಿ.

ಈಗ ಮಾಡಬೇಕಾದ್ದು. ಸದ್ಯಕ್ಕೆ ಎರಡನ್ನೂ ನಿಲ್ಲಿಸಿ, ಆದರೆ ಡಾಕ್ಟರ್ ಕೊಟ್ಟ ಥೈರಾಯ್ಡ್, ಬಿಪಿ ಮಾತ್ರೆ ನಿಲ್ಲಿಸಬೇಡಿ. ಜ್ಯೂಸ್ ಬಾಟಲಿ, ಕ್ಯಾಪ್ಸೂಲ್ ಡಬ್ಬಿ ಎರಡನ್ನೂ ಒಂದು ಚೀಲಕ್ಕೆ ಹಾಕಿಕೊಂಡು ಹೋಗಿ ಡಾಕ್ಟರ್ ಟೇಬಲ್ ಮೇಲೆ ಇಡಿ, ಎಲ್‌ಎಫ್‌ಟಿ (ಲಿವರ್ ರಕ್ತಪರೀಕ್ಷೆ) ಮತ್ತು ಟಿಎಸ್‌ಎಚ್ (ಥೈರಾಯ್ಡ್ ರಕ್ತಪರೀಕ್ಷೆ) ಮಾಡಿಸಿ. ಆಯುರ್ವೇದವೇ ಬೇಕು ಅಂತ ಅಮ್ಮ ಹಟ ಹಿಡಿದರೆ ಬಿಎಎಂಎಸ್ ಓದಿದ ವೈದ್ಯರ ಹತ್ತಿರ ಹೋಗಲಿ, ಅಲ್ಲೂ ಇಂಗ್ಲಿಷ್ ಮಾತ್ರೆಗಳ ಪಟ್ಟಿ ತೋರಿಸಲಿ. ಮೂತ್ರ ಗಾಢ ಹಳದಿ ಆದರೆ ಅಥವಾ ಕಣ್ಣು ಹಳದಿ ಕಂಡರೆ ಅಪಾಯಿಂಟ್‌ಮೆಂಟ್ ಅಂತ ಕಾಯಬೇಡಿ, ಅವತ್ತೇ ಆಸ್ಪತ್ರೆಗೆ ಹೋಗಿ.

ಡಾಕ್ಟರ್ "ಬೇರೆ ಔಷಧಿ ಇದೆಯಾ" ಅಂತ ಕೇಳಿದಾಗ ಉತ್ತರವನ್ನು ಅಮ್ಮನಿಗೆ ಬಿಡಬೇಡಿ, ನೀವೇ ಹೇಳಿ. ನಮ್ಮ ದೊಡ್ಡಮ್ಮನನ್ನು ಇವತ್ತು ಕೇಳಿದರೂ "ಇಲ್ಲ, ಥೈರಾಯ್ಡ್ ಮಾತ್ರೆ ಒಂದೇ" ಅಂತಾರೆ, ಅಡುಗೆಮನೆಯಲ್ಲಿ ನೋಡಿದರೆ ತ್ರಿಫಲಾ ಡಬ್ಬಿ ಇರುತ್ತೆ.