ಸಿಇಟಿ ಮುಗಿಯಿತು, ಕಾಲೇಜಿಗೆ ಇನ್ನೂ ತಿಂಗಳುಗಳಿವೆ

ಹಿರೇಕೆರೂರಿನ ಓದುಗರೊಬ್ಬರು ಬರೆದಿದ್ದಾರೆ: "ಮಗಳು ಹತ್ತನೇ ತರಗತಿವರೆಗೆ ಕನ್ನಡ ಮಾಧ್ಯಮ. ಪಿಯುಸಿ ಮುಗಿಸಿ ಸಿಇಟಿ ಬರೆದಿದ್ದಾಳೆ. ಎಂಜಿನಿಯರಿಂಗ್ ಶುರುವಾಗುವ ಮೊದಲು ಬ್ರಿಡ್ಜ್ ಕೋರ್ಸ್ (ಪಿಯುಸಿಗೂ ಎಂಜಿನಿಯರಿಂಗಿಗೂ ನಡುವಿನ ತಯಾರಿ ತರಗತಿ) ಮಾಡಿಸಿ ಎನ್ನುತ್ತಾರೆ. ಸೇರಿಸಬೇಕೇ?"

ಸಂಪಾದಕರ ಉತ್ತರ:

ದುಡ್ಡು ಕಟ್ಟುವ ಮೊದಲು ಅಲ್ಲಿ ಏನೇನು ಕಲಿಸುತ್ತಾರೆಂದು ಕೇಳಿ. ಮೊದಲ ಸೆಮಿಸ್ಟರಿನ ಪಾಠವನ್ನೇ ಮುಂಚಿತವಾಗಿ ಓಡಿಸುವುದಾದರೆ ಬೇಡ. ಮಕ್ಕಳು ಎಡವುವ ಜಾಗ ಬೇರೆ.

ಸಿಇಟಿ ಗಣಿತದಲ್ಲಿ 60 ಪ್ರಶ್ನೆಗೆ 80 ನಿಮಿಷ. ಎರಡು ವರ್ಷ ಕೈ ಪಳಗಿದ್ದು ತಪ್ಪು ಆಯ್ಕೆಗಳನ್ನು ಹೊಡೆದುಹಾಕುವುದರಲ್ಲಿ. ಎಂಜಿನಿಯರಿಂಗ್‌ನಲ್ಲಿ ವಿಟಿಯು (ವಿಶ್ವೇಶ್ವರಯ್ಯ ತಾಂತ್ರಿಕ ವಿಶ್ವವಿದ್ಯಾಲಯ) ಪತ್ರಿಕೆಗೆ ಮೂರು ಗಂಟೆ, 100 ಅಂಕ, ಐದು ಮಾಡ್ಯೂಲ್ (ಪಠ್ಯದ ಭಾಗ). ಒಂದೊಂದರಿಂದಲೂ 20 ಅಂಕದ ಪೂರ್ಣ ಪ್ರಶ್ನೆ. ಅಂಕ ಬೀಳುವುದು ಹಂತಗಳಿಗೆ. ಹಾಗಾಗಿ ಪಿಯುಸಿಯ ಡಿಫರೆನ್ಸಿಯೇಶನ್, ಇಂಟಿಗ್ರೇಶನ್, ಮ್ಯಾಟ್ರಿಕ್ಸ್‌ನಿಂದ ದಿನಕ್ಕೆ ಐದು ಲೆಕ್ಕ ಸಾಕು; ಆದರೆ ಒಂದು ಸಾಲನ್ನೂ ಹಾರಿಸದೆ ಬರೆಯಲಿ. ತ್ರಿಕೋನಮಿತಿಯ ಅರ್ಧಕೋನದ ಸೂತ್ರಗಳು ನಾಲಿಗೆಯ ತುದಿಯಲ್ಲಿರಬೇಕು. 1 + ಕಾಸ್ ಥೀಟಾ ಕಂಡೊಡನೆ ಅದು ಅರ್ಧ ಥೀಟಾದ ಕಾಸ್ ವರ್ಗದ ಎರಡರಷ್ಟು ಎಂದು ಹೊಳೆಯದಿದ್ದರೆ ಪೋಲಾರ್ ಕರ್ವ್ (ದೂರ ಮತ್ತು ಕೋನದಿಂದ ಹೇಳುವ ವಕ್ರರೇಖೆ) ಲೆಕ್ಕ ಮೂರನೇ ಸಾಲಿಗೇ ನಿಂತುಬಿಡುತ್ತದೆ.

ಡ್ರಾಯಿಂಗ್ ಇನ್ನೊಂದು ಕಂಟಕ. ವಸ್ತುವಿನ ಬೇರೆ ಬೇರೆ ನೋಟಗಳನ್ನು ಹಾಳೆಯಲ್ಲಿ ಜೋಡಿಸಲು ನಮ್ಮಲ್ಲಿ ನಡೆಯುವುದು ಫಸ್ಟ್ ಆ್ಯಂಗಲ್ ಪ್ರೊಜೆಕ್ಷನ್: ಎದುರಿನ ನೋಟ ಹಾಳೆಯ ನಡುವಿನ ಅಡ್ಡ ಎಕ್ಸ್‌ವೈ ಗೆರೆಯ ಮೇಲೆ, ಮೇಲಿನಿಂದ ಕಂಡದ್ದು ಕೆಳಗೆ, ಎಡದಿಂದ ಕಂಡದ್ದು ಬಲಕ್ಕೆ. ಅಮೆರಿಕದ ವಿಡಿಯೋಗಳಲ್ಲಿ ಎಲ್ಲ ತಿರುಗುಮುರುಗು. ಅವನ್ನು ನೋಡಿ ಕಲಿತವರು ಗೊಂದಲಕ್ಕೆ ಬೀಳುತ್ತಾರೆ. ಬೆಂಕಿಪೊಟ್ಟಣವನ್ನು ನಿಲ್ಲಿಸಿ, ಮಲಗಿಸಿ, ಓರೆಯಾಗಿಟ್ಟು ಗ್ರಾಫ್ ಹಾಳೆಯಲ್ಲಿ ಮೂರೂ ನೋಟ ಬರೆಯಲಿ. ಗೆರೆಯನ್ನು ಕಂಪ್ಯೂಟರ್ ಎಳೆಯುತ್ತದೆ, ವಸ್ತುವನ್ನು ಮನಸ್ಸಿನಲ್ಲಿ ತಿರುಗಿಸಿ ನೋಡುವ ಕೆಲಸ ಅವಳದೇ.

ಪಿಯುಸಿಯಲ್ಲಿ ಪಿಸಿಎಂಬಿ (ಭೌತ, ರಸಾಯನ, ಗಣಿತ, ಜೀವಶಾಸ್ತ್ರ) ಓದಿದ್ದರೆ ಪ್ರೋಗ್ರಾಮಿಂಗ್ ಹೊಸದು. ಸಿ ಭಾಷೆಯಲ್ಲಿ ಹತ್ತು ಚಿಕ್ಕ ಪ್ರೋಗ್ರಾಂಗಳನ್ನು ಸ್ವತಃ ಟೈಪ್ ಮಾಡಲಿ, ಲೂಪ್‌ನ (ಮತ್ತೆ ಮತ್ತೆ ನಡೆಯುವ ಆದೇಶಗಳ) ಪ್ರತಿ ಸುತ್ತಿನಲ್ಲಿ ಬರುವ ಬೆಲೆಯನ್ನು ಕಾಗದದಲ್ಲಿ ಬರೆಯಲಿ. ಸಿಯಲ್ಲಿ 7ನ್ನು 2ರಿಂದ ಭಾಗಿಸಿದರೆ 3 ಬರುತ್ತದೆ. ಎರಡೂ ಪೂರ್ಣಾಂಕವಾದರೆ ಸಿ ದಶಾಂಶವನ್ನು ಬಿಟ್ಟುಬಿಡುತ್ತದೆ. ಇದು ಗೊತ್ತಿಲ್ಲದೆ ತಪ್ಪು ಹುಡುಕುತ್ತ ಲ್ಯಾಬ್ ಅವಧಿಯೇ ಕಳೆದೀತು.

ತಾಂತ್ರಿಕ ಶಿಕ್ಷಣವನ್ನು ನೋಡಿಕೊಳ್ಳುವ ಕೇಂದ್ರದ ಮಂಡಳಿ ಎಐಸಿಟಿಇಯ ಇ-ಕುಂಭ್ ತಾಣದಲ್ಲಿ ಎಂಜಿನಿಯರಿಂಗ್ ಪುಸ್ತಕಗಳು ಕನ್ನಡದಲ್ಲೂ ಇವೆ. ಅರ್ಥಕ್ಕೆ ಅವು, ಪರೀಕ್ಷೆಗೆ ಇಂಗ್ಲಿಷ್. ಎರಡನ್ನೂ ಪಕ್ಕಪಕ್ಕದಲ್ಲಿಟ್ಟು ಓದಲಿ.

ಕಾಲೇಜು ತೆರೆದ ಮೇಲಿನ ಇಂಡಕ್ಷನ್ (ಹೊಸಬರಿಗೆ ಕಾಲೇಜಿನ ಪರಿಚಯ ಮಾಡಿಸುವ) ಕಾರ್ಯಕ್ರಮವನ್ನು ಮಾತ್ರ ತಪ್ಪಿಸಬೇಡಿ. ಐಐಟಿ ಗಾಂಧಿನಗರದಲ್ಲಿ 2011ರಲ್ಲೇ ಇಂಥದೇ ಐದು ವಾರಗಳ ಫೌಂಡೇಶನ್ ಕಾರ್ಯಕ್ರಮ ಶುರುವಾಯಿತು; ಎಐಸಿಟಿಇಯ ಮಾದರಿ ಮೂರು ವಾರದ್ದು. ಕೆಲವು ಕಾಲೇಜುಗಳು ಇದನ್ನು ನಾಲ್ಕು ಭಾಷಣಕ್ಕೆ ಇಳಿಸುತ್ತವೆ, ನಿಜ. ಆದರೂ ಮೆಂಟರ್ ಯಾರು, ಲ್ಯಾಬ್ ಎಲ್ಲಿ, ಹಾಸ್ಟೆಲ್ ಗೆಳತಿ ಯಾರು ಎಂಬುದೆಲ್ಲ ಗೊತ್ತಾಗುವುದು ಆ ದಿನಗಳಲ್ಲೇ. "ಪಾಠ ಶುರುವಾದ ಮೇಲೆ ಹೋದರಾಯಿತು" ಎಂದು ಊರಲ್ಲೇ ಉಳಿಸಿಕೊಳ್ಳಬೇಡಿ, ವಿಟಿಯುದಲ್ಲಿ ಶೇ. 85 ಹಾಜರಿ ಬೇಕು.